ಮಾಲ್ಗುಡಿ ಯಾರ ಊರು?

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಟಿ.ಪಿ. ಕೈಲಾಸಂ. ಮನೆಮಾತು ತಮಿಳು, ಬರೆದದ್ದರಲ್ಲಿ ದೊಡ್ಡ ಪಾಲು ಇಂಗ್ಲಿಷು. ಎರಡೂ ಅವರಿಗೆ ಅಡ್ಡ ಬರಲಿಲ್ಲ. ಆರ್.ಕೆ. ನಾರಾಯಣ್ ಅವರಿಗೆ ಈ ಭಾಗ್ಯವಿರಲಿಲ್ಲ. ಮೈಸೂರಿನ ಯಾದವಗಿರಿಯ ಅವರ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದಕ್ಕೂ ಮುಂಚೆ, ಇಂಗ್ಲಿಷಿನಲ್ಲಿ ಬರೆದ ತಮಿಳರಿಗೆ ಕನ್ನಡಿಗರ ಹಣದಲ್ಲಿ ಸ್ಮಾರಕವೇಕೆ ಎಂದು ಕೆಲವು ಹಿರಿಯ ಕನ್ನಡ ಲೇಖಕರೇ ತಕರಾರು ತೆಗೆದಿದ್ದರು.

ಮನೆಮಾತೇ ಮಾನದಂಡವಾದರೆ ಮಾಸ್ತಿಯವರೂ ಬೇಂದ್ರೆಯವರೂ ಕೈಬಿಟ್ಟುಹೋಗುತ್ತಾರೆ. ಹಾಗಾಗಿ ಜಗಳ ಇರುವುದು ಇಂಗ್ಲಿಷಿನ ಮೇಲೆಯೇ. ಅದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಕೈಲಾಸಂ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. 'ಟೊಳ್ಳುಗಟ್ಟಿ', 'ಹೋಂ ರೂಲು' ನಾಟಕಗಳಲ್ಲಿ ಹಳೆಯ ಬೆಂಗಳೂರಿನ ಪಡಸಾಲೆಯೇ ರಂಗ. ಅಲ್ಲಿಯ ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷು; ಕಚೇರಿಗೆ ಹೋಗುವ ಯಜಮಾನರೂ ಪರೀಕ್ಷೆಗೆ ಓದುವ ಹುಡುಗರೂ ಆಡುತ್ತಿದ್ದ ಮಾತನ್ನೇ ಕೈಲಾಸಂ ಎತ್ತಿಕೊಂಡರು. ಆದರೆ ಕರ್ಣ, ಏಕಲವ್ಯರ ದುರಂತಕ್ಕೆ ಬಂದಾಗ ಅವರು ಕನ್ನಡವನ್ನು ಬಿಟ್ಟು ಶೇಕ್ಸ್‌ಪಿಯರನ ಧಾಟಿಯ ಇಂಗ್ಲಿಷಿಗೆ ಹೋದರು. ನಗುವಿಗೆ ಬೀದಿಯ ನುಡಿ, ಗಾಂಭೀರ್ಯಕ್ಕೆ ಲಂಡನ್ನಿನ ನುಡಿ! ಪಂಪ, ಕುಮಾರವ್ಯಾಸರು ಕರ್ಣನನ್ನು ಕನ್ನಡದಲ್ಲೇ ಎಷ್ಟು ಎತ್ತರಕ್ಕೆ ಏರಿಸಿದ್ದರೆಂದು ನೆನೆದರೆ ಈ ಆಯ್ಕೆ ಸೋಜಿಗ ಹುಟ್ಟಿಸುತ್ತದೆ. ಫಲ ಎದುರಿಗೇ ಇದೆ: 'ಟೊಳ್ಳುಗಟ್ಟಿ' ಇಂದಿಗೂ ಜೀವಂತ; ಇಂಗ್ಲಿಷ್ ಏಕಲವ್ಯನನ್ನು ಓದುವವರು ವಿರಳ.

ನಾರಾಯಣ್ ಅವರದು ಬೇರೆ ಕಥೆ. ಮಲ್ಲೇಶ್ವರಕ್ಕೆ ಬಸವನಗುಡಿ ಸೇರಿ ಅವರ ಕಲ್ಪನೆಯ ಊರು ಮಾಲ್ಗುಡಿ ಆಯಿತೆಂಬ ಮಾತನ್ನು ಈ ಎರಡು ಬಡಾವಣೆಗಳ ಜನ ಹೆಮ್ಮೆಯಿಂದ ಹೇಳುತ್ತಾರೆ. ಲೇಖಕರು ಹೇಳಿದ್ದು ಇಷ್ಟೇ: ಹೆಸರು ತಾನಾಗಿ ಹೊಳೆಯಿತು, ಮೊದಲು ಕಂಡದ್ದು ಒಂದು ರೈಲು ನಿಲ್ದಾಣ. ಕಾದಂಬರಿಗಳನ್ನು ಓದಿದರೆ ಮಾಲ್ಗುಡಿ ಮದರಾಸಿನ ಕಡೆಗೇ ಮುಖ ಮಾಡಿದ ಊರು. ಅದಕ್ಕೆ ಮಲೆನಾಡಿನ ಮಳೆ, ಹೆಂಚಿನ ಮಾಡು ಕೊಟ್ಟವರು ಶಂಕರ್ ನಾಗ್. 1980ರ ದಶಕದ ಅವರ 'ಮಾಲ್ಗುಡಿ ಡೇಸ್' ಟಿವಿ ಧಾರಾವಾಹಿ ಹಿಂದಿಯಲ್ಲಿದ್ದರೂ ಆಗುಂಬೆ ಮಾಲ್ಗುಡಿಯಾಯಿತು.

ಹಾಸನದ ರಾಜಾ ರಾವ್ ಮೊದಮೊದಲು 'ಜಯಕರ್ನಾಟಕ' ಪತ್ರಿಕೆಗೆ ಕನ್ನಡದಲ್ಲಿ ಬರೆದವರು. ಅವರ ಇಂಗ್ಲಿಷ್ ಕಾದಂಬರಿ 'ಕಾಂತಾಪುರ' (1938) ಓದುವಾಗ ಅಜ್ಜಿಯೊಬ್ಬಳು ಜಗಲಿಯಲ್ಲಿ ಕೂತು ಉಸಿರು ಬಿಡದೆ ಕಥೆ ಹೇಳುವುದು ಕಿವಿಗೆ ಬೀಳುತ್ತದೆ. ಕನ್ನಡ ಗೊತ್ತಿದ್ದವರಿಗೆ ಆ ಇಂಗ್ಲಿಷಿನ ಅರ್ಧ ಸೊಗಸು ಹೆಚ್ಚು.

ನೆಲ ಒಂದು, ಬರೆಯುವ ನುಡಿ ಇನ್ನೊಂದು ಎಂಬುದು ನಮ್ಮೊಬ್ಬರ ತಲೆನೋವಲ್ಲ. ಪ್ರಾಗಿನ ಕಾಫ್ಕಾ ಬರೆದದ್ದು ಜರ್ಮನ್. 1975ರಲ್ಲಿ ಫ್ರಾನ್ಸಿಗೆ ಹೋದ ಮಿಲನ್ ಕುಂದೇರ ಕ್ರಮೇಣ ಫ್ರೆಂಚಿಗೆ ಹೊರಳಿದರು. ಜೆಕ್ ನೆಲದ ಜ್ಲೀನ್ ಪಟ್ಟಣದಲ್ಲಿ 1937ರಲ್ಲಿ ಹುಟ್ಟಿ, ಡಾರ್ಜಿಲಿಂಗಿನಲ್ಲಿ ಶಾಲೆ ಕಲಿತ ಟಾಮ್ ಸ್ಟಾಪರ್ಡ್ ಇಂಗ್ಲಿಷ್ ನಾಟಕಕಾರರಾಗಿ ಮೆರೆದರು.

ನಮ್ಮಲ್ಲಿ ಈ ಗಾಯಕ್ಕೆ ನೇರವಾಗಿ ಕೈಹಾಕಿದವರು ಗಿರೀಶ ಕಾರ್ನಾಡ. ಅವರ 'ಒಡಕಲು ಬಿಂಬ'ದ ಮಂಜುಳಾ ನಾಯಕ್ ಕನ್ನಡದ ಕಥೆಗಾರ್ತಿ; ಇಂಗ್ಲಿಷ್ ಕಾದಂಬರಿಯೊಂದರಿಂದ ಜಗತ್ಪ್ರಸಿದ್ಧಳು. ಟಿವಿ ಸ್ಟುಡಿಯೋದಲ್ಲಿ ಅವಳದೇ ಬಿಂಬ ಅವಳನ್ನು ಪಾಟೀಸವಾಲಿಗೆ ಒಡ್ಡುತ್ತದೆ. ಕಾದಂಬರಿ ಬರೆದದ್ದು ಅಂಗವಿಕಲೆ ತಂಗಿ ಎಂಬುದು ಹೊರಬೀಳುತ್ತದೆ. 2005ರಲ್ಲಿ ರಂಗಶಂಕರದಲ್ಲಿ ಈ ನಾಟಕ ಕನ್ನಡ, ಇಂಗ್ಲಿಷ್ ಎರಡರಲ್ಲೂ ರಂಗಕ್ಕೆ ಬಂತು. ಈ ಪರಂಪರೆಯ ಬಗ್ಗೆ ಇದಕ್ಕಿಂತ ಹರಿತವಾದ ವಿಮರ್ಶೆ ಬಂದಿಲ್ಲ.

ಆದರೆ ಇಂಗ್ಲಿಷಿನಲ್ಲಿ ಬರೆದವರೆಲ್ಲ ಮಂಜುಳಾ ನಾಯಕರಲ್ಲ. ಶ್ರೀರಂಗರ ಮಗಳು, ಬೆಂಗಳೂರಿನ ಶಶಿ ದೇಶಪಾಂಡೆ ಬರೆಯುವುದು ಇಂಗ್ಲಿಷಿನಲ್ಲಿ. 2015ರ ಆಗಸ್ಟಿನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾದಾಗ ಕೇಂದ್ರ ಸಾಹಿತ್ಯ ಅಕಾಡೆಮಿಯ ಮೌನ ಖಂಡಿಸಿ ಅದರ ಸಾಮಾನ್ಯ ಸಭೆಯ ಸದಸ್ಯತ್ವಕ್ಕೆ ಅವರು ರಾಜೀನಾಮೆ ಕೊಟ್ಟರು. ಅವರನ್ನು ಹೊರಗಿನವರೆನ್ನುವುದು ಹೇಗೆ?

ಈ ಇಂಗ್ಲಿಷ್ ಬರಹವೆಲ್ಲ ಗಟ್ಟಿ ಎಂದೇನೂ ಅಲ್ಲ. ಐಟಿ ಬೆಂಗಳೂರಿನ ಅನೇಕ ಇಂಗ್ಲಿಷ್ ಕಥೆಗಳಲ್ಲಿ ಕನ್ನಡ ಡ್ರೈವರ್, ಮನೆಗೆಲಸದವರ ಬಾಯಲ್ಲಿ ಮಾತ್ರ ಇಣುಕುತ್ತದೆ. ಅವುಗಳನ್ನು ಟೀಕಿಸೋಣ, ಆದರೆ ಓದಿ ಟೀಕಿಸೋಣ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಪ್ರತಿ ಸಮ್ಮೇಳನದಲ್ಲೂ ಕರ್ನಾಟಕದ ಇಂಗ್ಲಿಷ್ ಬರಹಕ್ಕೆ ಒಂದು ಗೋಷ್ಠಿ ಮೀಸಲಿಡಲಿ.