ನೆರೆಯ ಗ್ರಹದ ಬತ್ತಿದ ಕಡಲು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಅಗ್ಗದ ಕಥಾಪತ್ರಿಕೆಗಳಲ್ಲಿ ಬೆಳೆದ 'ಪ್ಲಾನೆಟರಿ ರೋಮ್ಯಾನ್ಸ್', ಅಂದರೆ ಮಂಗಳ, ಶುಕ್ರಗಳಂಥ ನೆರೆಯ ಗ್ರಹಗಳ ಮೇಲೆ ಕತ್ತಿವರಸೆ, ಪಾಳುನಗರ, ವಿಚಿತ್ರ ಯಂತ್ರಗಳನ್ನು ಒಂದೇ ಕಥೆಯಲ್ಲಿ ಕೂಡಿಸುವ ಸಾಹಸಕಥನದ ಪ್ರಕಾರವನ್ನು, ಅದರ ಖಗೋಳಜ್ಞಾನ ತಪ್ಪೆಂಬ ಕಾರಣಕ್ಕೆ ತಳ್ಳಿಹಾಕುವುದು ನ್ಯಾಯವಲ್ಲ. ಆ ತಪ್ಪು ಬಂದದ್ದು ವಿಜ್ಞಾನದ ವಲಯದಿಂದಲೇ. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಮಂಗಳದ ಗೆರೆಗಳಿಗೆ ಬಳಸಿದ 'ಕನಾಲಿ' ಎಂಬ ಪದ ನೈಸರ್ಗಿಕ ಹಳ್ಳಗಳಿಗೂ ಸಲ್ಲುತ್ತಿತ್ತು. ಇಂಗ್ಲಿಷಿಗೆ ಬರುವಾಗ ಅದು ಯಾರೋ ತೋಡಿದ ನಾಲೆಯಾಯಿತು. ನೀರು ಬತ್ತುತ್ತಿರುವ ಲೋಕವೊಂದು ಧ್ರುವದ ಹಿಮವನ್ನು ಕರಗಿಸಿ ಹರಿಸಿಕೊಳ್ಳುತ್ತಿದೆ ಎಂದು ಅಮೆರಿಕದ ಖಗೋಳಜ್ಞ ಪರ್ಸಿವಲ್ ಲೋವೆಲ್ ಅದರ ಮೇಲೆಯೇ ವಾದ ಕಟ್ಟಿದರು.

ಈ ಸಾಯುತ್ತಿರುವ ಗ್ರಹವೇ 1912ರಲ್ಲಿ ಧಾರಾವಾಹಿಯಾಗಿ ಆರಂಭವಾದ ಎಡ್ಗರ್ ರೈಸ್ ಬರೋಸ್ ಅವರ 'ಬಾರ್ಸೂಮ್' ಮಾಲಿಕೆಯ ನೆಲ. ಅವರ ನಾಯಕ ಜಾನ್ ಕಾರ್ಟರ್, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ದಕ್ಷಿಣ ಸಂಸ್ಥಾನಗಳ ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದವನು. ಮೈಬಣ್ಣದಿಂದ ಕುಲಗಳನ್ನು ವಿಂಗಡಿಸುವ, ಹೊರಗಿನಿಂದ ಬಂದ ಬಿಳಿಯನನ್ನು ಎಲ್ಲರಿಗೂ ನಾಯಕನನ್ನಾಗಿಸುವ ಈ ಕಥನಕ್ರಮವನ್ನು ಕಾಲದ ನೆಪ ಹೇಳಿ ಕ್ಷಮಿಸಲಾಗದು. ಆದರೂ ಮೊದಲ ಕಾದಂಬರಿಯ ಕೊನೆ ಮರೆಯುವಂಥದ್ದಲ್ಲ: ಇಡೀ ಗ್ರಹಕ್ಕೆ ಉಸಿರು ಒದಗಿಸುವ ವಾಯುಸ್ಥಾವರ ನಿಂತುಹೋಗುತ್ತದೆ, ಅದರ ಬಾಗಿಲುಗಳನ್ನು ತೆರೆಯುವ ಒಂಬತ್ತು ಮನೋತರಂಗಗಳ ಗುಟ್ಟು ಕಾರ್ಟರನಿಗೆ ನೆನಪಾಗುತ್ತದೆ, ಬಾಗಿಲು ತೆರೆದು ಕುಸಿದವನು ಗ್ರಹ ಬದುಕಿತೋ ಇಲ್ಲವೋ ತಿಳಿಯದೆ ಭೂಮಿಯಲ್ಲಿ ಎಚ್ಚರಗೊಳ್ಳುತ್ತಾನೆ.

ಬರೋಸ್ ಕೇವಲ ಹಿನ್ನೆಲೆಯಾಗಿ ಬಳಸಿದ ಆ ಬರಡುತನವನ್ನು ಕಥೆಯ ಹೃದಯಕ್ಕೆ ತಂದವರು ಲೀ ಬ್ರ್ಯಾಕೆಟ್, ಮತ್ತು ಈ ಪರಂಪರೆಯ ನಿಜವಾದ ಸಾಧನೆ ಅವರದೇ. ಅವರ ನಾಯಕ ಎರಿಕ್ ಜಾನ್ ಸ್ಟಾರ್ಕ್‌ನನ್ನು ಬುಧಗ್ರಹದಲ್ಲಿ ಸಾಕಿದ ಆದಿವಾಸಿಗಳನ್ನು ಭೂಮಿಯ ಗಣಿಗಾರರೇ ಕೊಂದು, ಅವನನ್ನು ಬೋನಿಗೆ ಹಾಕಿದ್ದರು. ಹಾಗಾಗಿ ಅವನು ಭೂಮಿಯವರ ಆಳ್ವಿಕೆಯ ವಿರುದ್ಧವೇ ನಿಲ್ಲುತ್ತಾನೆ. 1949ರಲ್ಲಿ ಪತ್ರಿಕೆಯಲ್ಲಿ ಬಂದು 1953ರಲ್ಲಿ 'ದಿ ಸೋರ್ಡ್ ಆಫ್ ರಿಯಾನನ್' ಎಂಬ ಹೆಸರಿನಿಂದ ಪುಸ್ತಕವಾದ ಕೃತಿಯಲ್ಲಿ, ಪುರಾತತ್ವಜ್ಞನಾಗಿದ್ದು ಕಳ್ಳನಾದ ಕಾರ್ಸ್ ಒಂದು ಗೋರಿಯೊಳಗಿನ ಕತ್ತಲೆಯನ್ನು ದಾಟಿ ಮಂಗಳದ ಪುರಾತನ ಕಾಲಕ್ಕೆ ಹೊರಬಂದಾಗ, ತಾನು ಬರೀ ಧೂಳೆಂದು ಬಲ್ಲ ತಗ್ಗಿನಲ್ಲಿ ಕಡಲು ತುಂಬಿ ಹೊಳೆಯುತ್ತಿರುತ್ತದೆ. ಬರಲಿರುವ ಬರವನ್ನು ಬಲ್ಲವನು ತುಂಬಿದ ನೀರನ್ನು ನೋಡುವ ಈ ನೋಟದ ಸಂಕಟವನ್ನು ಯಾವ ಕತ್ತಿಕಾಳಗವೂ ಸರಿಗಟ್ಟಲಾರದು.

ಇಂಗ್ಲೆಂಡಿನಲ್ಲಿ ಸಿ. ಎಸ್. ಲೂಯಿಸ್ 1938ರಿಂದ ಬರೆದ ಕಾದಂಬರಿತ್ರಯವೂ ಇದೇ ಚೌಕಟ್ಟನ್ನು ಹಿಡಿದು, ಮನುಷ್ಯನೇ ಪತಿತನೆಂಬ ಕ್ರೈಸ್ತ ದರ್ಶನದ ಕಡೆಗೆ ತಿರುಗಿತು. ಅಲ್ಲಿ ವಿಚಾರ ಗಟ್ಟಿಯಾಗಿದೆ, ನೆಲದ ಮಣ್ಣಿನ ವಾಸನೆ ಕಡಿಮೆ.

1962ರಲ್ಲಿ ಮರೈನರ್ 2 ನೌಕೆ ಶುಕ್ರ ಕುದಿಯುವ ಕುಲುಮೆಯೆಂದು ತೋರಿಸಿತು. 1965ರ ಜುಲೈಯಲ್ಲಿ ಮರೈನರ್ 4 ಕಳಿಸಿದ 21 ಪೂರ್ಣ ಚಿತ್ರಗಳಲ್ಲಿ ಮಂಗಳದ ಮೇಲೆ ಕುಳಿಗಳಿದ್ದವು, ನಾಲೆಗಳಿರಲಿಲ್ಲ. ಹಾಗಾಗಿ ಬ್ರ್ಯಾಕೆಟ್ 1974ರಲ್ಲಿ ಸ್ಟಾರ್ಕ್‌ನನ್ನು ದೂರದ ನಕ್ಷತ್ರವೊಂದರ ಸ್ಕೈತ್ ಎಂಬ ಗ್ರಹಕ್ಕೆ ಸಾಗಿಸಿದರು. ಆ ಗ್ರಹವೂ ಸಾಯುತ್ತಿರುವುದೇ, ಬರವಣಿಗೆಯ ಬಿಗಿಯೂ ಕುಂದಿಲ್ಲ. ಆದರೆ ಅದು ಯಾರ ಅಂಗಳದಿಂದಲೂ ಕಾಣುವ ಗ್ರಹವಲ್ಲ. ಸಂಜೆ ತಲೆಯೆತ್ತಿದರೆ ಕೆಂಪಗೆ ಕಾಣುವ ಚುಕ್ಕಿಯಲ್ಲೇ ಇವೆಲ್ಲ ನಡೆಯುತ್ತಿವೆ ಎಂಬ ನೆರೆಹೊರೆಯ ಭಾವ ಅಲ್ಲಿ ಕಳೆದುಹೋಗಿದೆ. 2013ರಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಮತ್ತು ಗಾರ್ಡ್ನರ್ ಡೋಜ್ವಾ ಸಂಪಾದಿಸಿದ 'ಓಲ್ಡ್ ಮಾರ್ಸ್' ಸಂಕಲನದ ಲೇಖಕರು, ನಾಲೆಗಳಿಲ್ಲವೆಂದು ಚೆನ್ನಾಗಿ ತಿಳಿದೂ, ಆ ಹಳೆಯ ಮಂಗಳಕ್ಕೇ ಮರಳಿ ಹೋದರು.