ಗಾಯವನ್ನು ಉಳಿಸಿಕೊಂಡ ದೇಹ

ಕ್ರೈಸ್ತರ ಪುನರುತ್ಥಾನವು ಮರುಜನ್ಮವಲ್ಲ, ಆತ್ಮದ ಅಮರತ್ವ ಮಾತ್ರವೂ ಅಲ್ಲ. ಸತ್ತ ದೇಹವೇ ರೂಪಾಂತರಗೊಂಡು ಏಳುವುದೆಂಬ ಶ್ರದ್ಧೆ. ಫ್ರೆಂಚ್ ತತ್ತ್ವಜ್ಞ ಎಮಾನ್ಯುಯೆಲ್ ಫಾಲ್ಕ್ ಅವರು ಮಾನವನ ಪರಿಮಿತಿಯ ರೂಪಾಂತರವನ್ನು ಕುರಿತ ತಮ್ಮ 2004ರ ಗ್ರಂಥದಲ್ಲಿ ಇದನ್ನು ಜನನದ ಅನುಭವದ ಮೂಲಕ ಅರ್ಥೈಸಿದ್ದಾರೆ. ಹುಟ್ಟನ್ನು ನಾವಾರೂ ಆರಿಸಿಕೊಂಡವರಲ್ಲ, ಅದರ ನೆನಪೂ ನಮಗಿಲ್ಲ. ಆದರೂ ಅದು ನಮ್ಮದೇ. ಪುನರುತ್ಥಾನವನ್ನೂ ಹೀಗೆ ದೊರೆತ ಬಾಳೆಂದು ಗ್ರಹಿಸುವ ಈ ದೃಷ್ಟಿ ಮನನೀಯ.

ಆದರೆ ಒಂದು ಕೊರತೆಯಿದೆ. ನವಜಾತ ಶಿಶುವಿಗೆ ಗತಜೀವನದ ಗಾಯಗಳಿಲ್ಲ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿಯಾದರೋ, ಎದ್ದುಬಂದ ಯೇಸು ಸಂಶಯಗ್ರಸ್ತನಾದ ತೋಮನಿಗೆ ತೋರುವುದು ಶಿಲುಬೆಯ ಗಾಯಗಳನ್ನೇ. ಅನುಭವಿಸಿದ ಹಿಂಸೆಯ ಗುರುತು ಅಳಿದರೆ, ಹಿಂಸಿಸಿದವರ ಹೊಣೆಯೂ ಮರೆತುಹೋದೀತು. ಜನನದ ಉಪಮೆ ಆಶೆಯನ್ನು ವಿವರಿಸೀತು, ನ್ಯಾಯವನ್ನು ವಿವರಿಸಲಾರದು. ನೊಂದವರಿಗೆ ಬೇಕಾದುದು ಹೊಸ ದೇಹವಷ್ಟೇ ಅಲ್ಲ, ತಮ್ಮ ನೋವಿಗೊಂದು ಸಾಕ್ಷಿ.