ಫಾನ್ಮ್: ಮಯಾಮಿಯಲ್ಲಿ ಕೂತು ಹೈಟಿಗೆ ಒದಗುವ ಬಗೆ

ಹೈಟಿಗೆ ನೆರವು ಎಂದಾಗ ಹೊರಗಿನವರಿಗೆ ನೆನಪಾಗುವುದು ಅಕ್ಕಿ ಮೂಟೆ, ಡೇರೆ, ವೈದ್ಯರ ತಂಡ. 2010ರ ಜನವರಿ 12ರ ಭೂಕಂಪದ ಬಳಿಕ ಅಮೆರಿಕನ್ ರೆಡ್‌ಕ್ರಾಸ್‌ಗೆ ಸುಮಾರು 50 ಕೋಟಿ ಡಾಲರ್ ದೇಣಿಗೆ ಹರಿದುಬಂತು. ಆ ಸಂಸ್ಥೆ ಕಟ್ಟಿದ ಕಾಯಂ ಮನೆಗಳು ಆರೇ ಆರು ಎಂದು ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಪತ್ರಕರ್ತರು 2015ರಲ್ಲಿ ವರದಿ ಮಾಡಿದರು. ನೆರವನ್ನು ಬೇರೆ ದಿಕ್ಕಿನಿಂದ ನೋಡಬೇಕೆನ್ನುವವರು ಮಯಾಮಿಯ ‘ಫಾನ್ಮ್’ ಸಂಘಟನೆಯ ಕೆಲಸವನ್ನು ಗಮನಿಸಬೇಕು.

ಸಮಾಜಕಾರ್ಯಕರ್ತೆ ಮಾರ್ಲೀನ್ ಬಾಸ್ಟಿಯನ್ ಇದನ್ನು ಹೈಟಿ ಮೂಲದ ಹೆಂಗಸರಿಗಾಗಿ 1991ರಲ್ಲಿ ಕಟ್ಟಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಟಿಯ ಚುನಾಯಿತ ಅಧ್ಯಕ್ಷ ಅರಿಸ್ಟೀಡ್‌ರನ್ನು ಸೇನೆ ಉರುಳಿಸಿತು. ಜನ ಮುರುಕು ದೋಣಿ ಹತ್ತಿ ಅಮೆರಿಕದತ್ತ ಹೊರಟರು. ಅದೇ ಸಮುದ್ರದಲ್ಲಿ ಬಂದ ಕ್ಯೂಬಾದವರಿಗೆ ಅಮೆರಿಕ ಬಾಗಿಲು ತೆರೆದಿತ್ತು, ಹೈಟಿಯವರನ್ನು ನಡುನೀರಿನಲ್ಲೇ ತಡೆಯುತ್ತಿತ್ತು. ದಾಟಿ ಬಂದವರಿಗೆ ಬೇಕಾದದ್ದು ತಮ್ಮದೇ ಕ್ರೆಯೋಲ್ ಮಾತಿನಲ್ಲಿ ಅರ್ಜಿ ತುಂಬಿಕೊಡುವವರು, ಗಂಡನ ಹೊಡೆತ ತಾಳಲಾರದೆ ಬಂದವಳ ಮಾತು ಕೇಳುವವರು. ಫಾನ್ಮ್ ಅಲ್ಲಿಂದ ಶುರುಮಾಡಿತು.

ನನ್ನ ದೃಷ್ಟಿಯಲ್ಲಿ ಅದರ ಅತಿ ದೊಡ್ಡ ಕೆಲಸ ‘ತಾತ್ಕಾಲಿಕ ರಕ್ಷಣಾ ಸ್ಥಾನಮಾನ’ದ ಹೋರಾಟ. ಅಮೆರಿಕದಲ್ಲಿದ್ದ ಹೈಟಿಯನ್ನರಿಗೆ ಭೂಕಂಪದ ನಂತರ ದೊರೆತ ಈ ಅನುಮತಿ ಗಡೀಪಾರಿನಿಂದ ಕಾಯುತ್ತದೆ, ದುಡಿಯುವ ಹಕ್ಕು ಕೊಡುತ್ತದೆ. 2017ರಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದುಮಾಡಲು ಹೊರಟಾಗ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದವರಲ್ಲಿ ಫಾನ್ಮ್ ಕೂಡ ಒಂದು. 2019ರಲ್ಲಿ ತಡೆಯಾಜ್ಞೆ ಸಿಕ್ಕಿತು. ಇದು ಅಮೆರಿಕದೊಳಗಿನ ಕಾನೂನು ಜಗಳ, ಇದರಿಂದ ಹೈಟಿಗೇನು ಬಂತು ಎಂದು ಕೇಳುವವರಿದ್ದಾರೆ. ಹೊರದೇಶದಲ್ಲಿರುವ ಮಕ್ಕಳು, ಅಕ್ಕತಂಗಿಯರು ಕಳಿಸುವ ಹಣ ಹೈಟಿಯ ರಾಷ್ಟ್ರೀಯ ಉತ್ಪನ್ನದ ಸುಮಾರು ಐದನೇ ಒಂದು ಭಾಗಕ್ಕೆ ಸಮ. ಶಾಲೆಯ ಫೀಜು, ಔಷಧಿ, ಬೀನ್ಸು-ಅನ್ನ ಎಲ್ಲ ಅದರಲ್ಲೇ. ಮಯಾಮಿಯ ಆಸ್ಪತ್ರೆಯಲ್ಲೋ ಹೋಟೆಲಿನಲ್ಲೋ ದುಡಿಯುವ ಒಬ್ಬಳ ಅನುಮತಿ ಹೋದರೆ ಹೈಟಿಯ ಗೊನಾಯಿವ್ ಊರಿನಲ್ಲಿ ಒಂದು ಮನೆಯ ಒಲೆ ಆರುತ್ತದೆ. ಆ ಕಾಗದ ಉಳಿಸಿಕೊಡುವುದಕ್ಕಿಂತ ನೇರವಾದ ನೆರವು ಯಾವುದಿದೆ?

ಮಯಾಮಿಯಲ್ಲಿ ಹೈಟಿಯವರು ನೆಲೆಸಿರುವ ಲಿಟ್ಲ್ ಹೈಟಿ ಬಡಾವಣೆಯ ವಿಷಯದಲ್ಲೂ ಫಾನ್ಮ್‌ನ ನಿಲುವು ಸರಿಯಾಗಿತ್ತು. ಸಮುದ್ರ ಏರುತ್ತಿರುವಂತೆ ಮಯಾಮಿಯಲ್ಲಿ ತುಸು ಎತ್ತರದ ಈ ನೆಲಕ್ಕೆ ಬೆಲೆ ಬಂತು, ಬಾಡಿಗೆದಾರರು ಕದಲತೊಡಗಿದರು. ಅಲ್ಲಿ ದೊಡ್ಡ ಕಟ್ಟಡಗಳನ್ನೆಬ್ಬಿಸುವ ‘ಮ್ಯಾಜಿಕ್ ಸಿಟಿ’ ಯೋಜನೆಯನ್ನು ಸಂಘಟನೆ ವಿರೋಧಿಸಿದರೂ 2019ರಲ್ಲಿ ನಗರಾಡಳಿತ ಒಪ್ಪಿಗೆ ಕೊಟ್ಟಿತು. ಆ ಹೋರಾಟದಲ್ಲಿ ಅದು ಸೋತಿತು.

ಆದರೂ ಒಂದು ಕೊರತೆಯನ್ನು ಮುಚ್ಚಿಡಲಾಗದು. ಕುಟುಂಬದ ಮೂಲಕ ಹರಿಯುವ ನೆರವು ಹೊರದೇಶದಲ್ಲಿ ಯಾರೂ ಇಲ್ಲದ ಮನೆಯನ್ನು ಮುಟ್ಟುವುದಿಲ್ಲ. ಹೈಟಿಯ ಗುಡ್ಡಗಾಡಿನ ಕಡುಬಡವರಲ್ಲಿ ಹೆಚ್ಚಿನವರು ಅಂಥವರೇ. ಪಾದ್ರಿ ಜೋಸೆಫ್ ಫಿಲಿಪ್ 1994ರಲ್ಲಿ ಹೈಟಿಯಲ್ಲೇ ಕಟ್ಟಿದ ‘ಫೊಂಕೋಝೆ’ ಸಂಸ್ಥೆ ಅಂಥ ಬಡ ಹೆಂಗಸರ ಮನೆಬಾಗಿಲಿಗೆ ಹೋಗುತ್ತದೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯಿಂದ ಕಲಿತ ಕ್ರಮದಲ್ಲಿ ಅದು ಆಡು, ಕೋಳಿ ಕೊಟ್ಟು, ಒಂದೂವರೆ ವರ್ಷ ವಾರವಾರವೂ ಕಾರ್ಯಕರ್ತರನ್ನು ಕಳಿಸಿ ಜೊತೆ ನಿಲ್ಲುತ್ತದೆ. ಫಾನ್ಮ್‌ನ ಕೈಗೆ ಎಟುಕದ ಕೆಲಸ ಇದು. ಹಾಗೆಯೇ, ಫಾನ್ಮ್ ಗೆದ್ದದ್ದೂ ಗಟ್ಟಿ ನೆಲವಲ್ಲ: ತಾತ್ಕಾಲಿಕ ಅನುಮತಿಯನ್ನು ಒಮ್ಮೆಗೆ ಹೆಚ್ಚೆಂದರೆ 18 ತಿಂಗಳಿಗೆ ಕೊಡುತ್ತಾರೆ. 2025ರಲ್ಲಿ ಮತ್ತೆ ರದ್ದತಿಯ ಘೋಷಣೆ ಹೊರಟಾಗ 3 ಲಕ್ಷಕ್ಕೂ ಹೆಚ್ಚು ಜನ ಮತ್ತೆ ಕೋರ್ಟಿನ ಮುಖ ನೋಡಬೇಕಾಯಿತು. ಕಾಯಂ ನೆಲೆ ಕೊಡುವ ಕಾನೂನನ್ನು ಅಮೆರಿಕದ ಸಂಸತ್ತೇ ಮಾಡಬೇಕು.

ಹೈಟಿಗೆಂದು ಹಣ ಕೊಡಬಯಸುವವರು ಅರ್ಧವನ್ನು ವಲಸಿಗರ ಹಕ್ಕಿಗೆ ಹೋರಾಡುವ ಇಂಥ ಸಂಘಟನೆಗೂ, ಇನ್ನರ್ಧವನ್ನು ಹೈಟಿಯವರೇ ಹೈಟಿಯಲ್ಲಿ ನಡೆಸುವ ಸಂಸ್ಥೆಗೂ ಕೊಡಲಿ.